ಹೊಳೆದೊಡ್ಡಿಯ ಖಾಲಿ ಡೈರೆಕ್ಟರಿ

ಯಂತ್ರಕ್ಕೂ ಏನೋ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಜಗಳಕ್ಕೆ ನಿಲ್ಲುತ್ತಿದ್ದವನು ನಾನು. ಈಗಲೂ ಒಪ್ಪುವುದಿಲ್ಲ. ಆದರೆ ಎಂಬತ್ತರ ದಶಕದ ಕೊನೆಗೆ ರಾಯಚೂರಿನಲ್ಲಿ ನನಗೆ ಆದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಕೃಷ್ಣೆಯ ಪ್ರವಾಹಕ್ಕೆ ಸಿಗುತ್ತಿದ್ದ ದೇವದುರ್ಗ ತಾಲ್ಲೂಕಿನ ದೊಡ್ಡಿಗಳನ್ನು, ಅಂದರೆ ಸಣ್ಣ ಸಣ್ಣ ಹಳ್ಳಿಗಳನ್ನು, ಎತ್ತರದ ಜಾಗಕ್ಕೆ ಸಾಗಿಸುವ ಕಚೇರಿ ನಮ್ಮದು. ನಾನು ಅಲ್ಲಿ ಕಂಪ್ಯೂಟರ್ ನಡೆಸುತ್ತಿದ್ದೆ. ಅದರಲ್ಲಿ ಪ್ರತಿ ದೊಡ್ಡಿಯ ಹೆಸರಿನಲ್ಲೂ ಒಂದು ಡೈರೆಕ್ಟರಿ, ಅಂದರೆ ಫೈಲುಗಳನ್ನು ಇಡುವ ಖಾನೆ. ಅಲ್ಲಿನ ಮನೆಗಳ ವಿವರವೆಲ್ಲ ಅದರೊಳಗೆ. ಜನ ಹೊಸ ಊರಿಗೆ ಹೋದ ಮೇಲೆ ವಿವರಗಳನ್ನೂ ಹೊಸ ಡೈರೆಕ್ಟರಿಗೆ ಸಾಗಿಸಿ, ಖಾಲಿ ಉಳಿದ ಹಳೆಯದನ್ನು ‘ಆರ್‌ಡಿ’ ಎಂಬ ಆಜ್ಞೆ ಕೊಟ್ಟು ತೆಗೆಯಬೇಕು. ಒಳಗೆ ಏನಾದರೂ ಉಳಿದಿದ್ದರೆ ಆ ಆಜ್ಞೆ ನಡೆಯುವುದಿಲ್ಲ.

ಅಂದು ಬೆಳಿಗ್ಗೆ ಉಳಿದವೆಲ್ಲ ಹೋದವು, ಹೊಳೆದೊಡ್ಡಿ ಮಾತ್ರ ಹೋಗಲಿಲ್ಲ. ಡೈರೆಕ್ಟರಿ ಖಾಲಿಯಿಲ್ಲ ಎಂಬ ಇಂಗ್ಲಿಷ್ ಸಾಲು ಪರದೆಯ ಮೇಲೆ. ತೆರೆದು ನೋಡಿದರೆ ಒಂದು ಫೈಲೂ ಇಲ್ಲ. ಅಡಗಿದ ಫೈಲುಗಳಿಗಾಗಿ ಹುಡುಕಿದೆ, ಅವೂ ಇಲ್ಲ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಅದೇ ಸಾಲು. ಎತ್ತಿ ಕಿಟಕಿಯಿಂದ ಆಚೆ ಎಸೆಯಬೇಕು ಅನ್ನಿಸಿತು.

ನಮ್ಮ ಸಾಹೇಬರಿಗೂ ತಾಳ್ಮೆ ಮುಗಿಯಿತು. “ನೀವು ಖಾಲಿ ಅದ ಅಂತೀರಿ, ಅದು ಖಾಲಿ ಇಲ್ಲ ಅಂತದ. ಹಂಗಾದ್ರ ವೀರೇಶನ ಜೀಪ್ ಹತ್ತಿ ಹೋಗಿ ನೀವೇ ನೋಡಿ ಬರ್ರಿ,” ಎಂದು ಚುಚ್ಚಿ, ಕಂಪ್ಯೂಟರ್ ಕೋಣೆಗೆ ಬೀಗ ಹಾಕಿಸಿದರು. ಎಂಜಿನಿಯರ್ ವೀರೇಶ ಅಂದೇ ಹೊಳೆದೊಡ್ಡಿಯ ಹಳೆಯ ಗೋಡೆಗಳನ್ನು ಕೆಡವಿಸಲು ಹೊರಟಿದ್ದ. ನಾನು ಸಿಟ್ಟಿನಲ್ಲೇ ಜೀಪು ಹತ್ತಿದೆ.

ಗಬ್ಬೂರು ದಾಟಿ ಹೊಳೆಯ ದಂಡೆ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಬಾಗಿಲು ಕಿತ್ತ ಮನೆಗಳ ಮುಂದೆ ಬುಲ್ಡೋಜರ್ ಸದ್ದು ಮಾಡುತ್ತ ನಿಂತಿತ್ತು.

“ಸ್ವಲ್ಪ ತಡೀರಿ, ಒಳಗ ನೋಡಿ ಬರ್ತೀನಿ,” ಎಂದೆ.

“ಮಷೀನ್ ಮಾತು ಕೇಳಿ ಮನಿ ಮನಿ ಹುಡುಕಾಕ ಹೊಂಟ್ರೇನ್ರಿ?” ವೀರೇಶ ನಕ್ಕ. ನಾಚಿಕೆಯಾಯಿತು. ಆದರೂ ಹೋದೆ.

ಕೊನೆಯ ಮನೆಯ ಒಳಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಕಂಬಳಿ ಹೊದ್ದು ಮಲಗಿದ್ದಳು. ಮಗ್ಗುಲಲ್ಲಿ ಹಸುಗೂಸು. ಅವಳ ಮೈ ಜ್ವರದಿಂದ ಸುಡುತ್ತಿತ್ತು. ಕೂಗಿ ಕೂಗಿ ಎಬ್ಬಿಸಿದೆ.

“ಯಾರವ್ವಾ ನೀನು? ಇಲ್ಲಿ ಯಾಕ ಅದಿ?”

“ಹನುಮವ್ವ ರೀ. ಗಂಡನ ಕೂಡ ಜಗಳಾಡಿ ಬಂದೀನಿ. ನನ್ನ ಮನಿ ಇದು.”

ಕುರಿ ಕಾಯುವ ಮನೆತನದ ಸೊಸೆ. ಮಾನ್ವಿಯ ತವರಿಗೆ ಹೋಗಿದ್ದಾಳೆ ಎಂದೇ ಹೊಸ ಊರಿನಲ್ಲಿ ಎಲ್ಲರೂ ತಿಳಿದಿದ್ದರಂತೆ. ನನ್ನ ಕೂಗು ಕೇಳಿ ಒಳಗೆ ಬಂದ ವೀರೇಶ ಕೂಸನ್ನು ಎತ್ತಿಕೊಂಡ. ಇಬ್ಬರನ್ನೂ ದೇವದುರ್ಗದ ಆಸ್ಪತ್ರೆಗೆ ಮುಟ್ಟಿಸಿದೆವು. ಇಬ್ಬರೂ ಉಳಿದುಕೊಂಡರು.

ಸಂಜೆ ಕೋಣೆಯ ಬೀಗ ತೆಗೆಸಿ ಅದೇ ಆಜ್ಞೆಯನ್ನು ಮತ್ತೆ ಕೊಟ್ಟೆ. ತಕರಾರಿಲ್ಲದೆ ಡೈರೆಕ್ಟರಿ ಹೋಯಿತು.

ಆಮೇಲೆ ಡಿಸ್ಕನ್ನು ರಿಪೇರಿಯವರಿಗೆ ತೋರಿಸಿದೆ. ದೋಷವಿಲ್ಲ ಎಂದರು. ಬಲ್ಲವರನ್ನು ಕೇಳಿದೆ, ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಬೆಳಿಗ್ಗೆ ನಡೆಯದ್ದು, ಯಾರೂ ಮುಟ್ಟದೆ, ಸಂಜೆ ಹೇಗೆ ನಡೆಯಿತು ಎಂಬುದಕ್ಕೆ ಅವು ಯಾವುವೂ ಹೊಂದಲಿಲ್ಲ. ಇಷ್ಟು ವರ್ಷ ತಲೆ ಕೆಡಿಸಿಕೊಂಡರೂ ಉತ್ತರ ಸಿಗದ ಸಿಟ್ಟು ನನಗಿನ್ನೂ ಇದೆ. ಕಾಕತಾಳೀಯ ಎಂದು ಬಿಟ್ಟುಬಿಡಬಹುದು. ಆದರೆ ಮೊದಲ ಸಲವೇ ಆ ಆಜ್ಞೆ ನಡೆದಿದ್ದರೆ, ಆ ಮಧ್ಯಾಹ್ನ ನಾನು ತಂಪು ಕೋಣೆಯಲ್ಲಿ ಕುಳಿತು, ಹೊಳೆದೊಡ್ಡಿ ಖಾಲಿಯಾಯಿತೆಂದು ಸಾಹೇಬರಿಗೆ ಹೇಳಿ, ಚಹಾ ಕುಡಿಯುತ್ತಿದ್ದೆ.