ಪ್ರಯೂನನ ಎಡ ಮಂಡಿ

ನಮ್ಮ ಯಸೋಥೋನ್ ಸೀಮೆಯಲ್ಲಿ ಬಯಲು ಸಿನಿಮಾ ತೋರಿಸುವವರಿಗೆ ಆಗೆಲ್ಲ ಬರವಿರಲಿಲ್ಲ. ಆದರೆ ಮಾತಿಲ್ಲದ ರೀಲಿಗೆ ಮೈಕಿನ ಮುಂದೆ ಕೂತು ಮಾತು ಕೊಡುವುದರಲ್ಲಿ ಪ್ರಯೂನ್ ದಂಪತಿಯನ್ನು ಮೀರಿಸಿದವರಿಲ್ಲ. ಗಂಡಸರ ದನಿಯೆಲ್ಲ ಪ್ರಯೂನನದು, ಹೆಂಗಸರದೆಲ್ಲ ಅವನ ಹೆಂಡತಿ ಸಾಯ್‌ಯುದ್‌ಳದು. ಎಷ್ಟೇ ದೂರದೇಶದ ಚಿತ್ರವಿರಲಿ, ಖಳನ ಬಾಯಲ್ಲಿ ನಮ್ಮೂರ ಹಂದಿಕಳ್ಳನ ಹೆಸರು ಬರುತ್ತಿತ್ತು.

ತನ್ನ ನಾಲಿಗೆಯ ಬಗ್ಗೆ ಪ್ರಯೂನನಿಗೆ ಬಹಳ ಹೆಮ್ಮೆ. ಅಸಲಿಗೆ, ತುಟಿ ನೋಡಿ ಮಾತು ಹೊಂದಿಸುವುದು ಅವನಿಗೆ ಬರುತ್ತಲೇ ಇರಲಿಲ್ಲ. ಪರದೆಯ ಮೇಲಿನವರು ಬಾಯಿ ತೆರೆದರೆ ಸಾಯ್‌ಯುದ್ ಅವನ ಎಡ ಮಂಡಿಗೆ ಒಂದು ಏಟು ಹಾಕುವಳು, ಮುಚ್ಚಿದರೆ ಎರಡು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಅದರ ಮರುವರ್ಷ ಗಂಟಲಿನ ಆಪರೇಷನ್ ಆಗಿ ಅವಳ ದನಿ ಹೋಯಿತು. ಆಮೇಲೆ ಅವಳು ಮೈಕಿನ ಹತ್ತಿರ ಸುಳಿಯಲಿಲ್ಲ. ಸಿನಿಮಾ ವ್ಯಾನಿನ ಹಿಂದೆ ಕೂತು, ನಿಂಬೆಹುಳಿ ಮೆಣಸು ಹಾಕಿ ಕೋಸಂಬರಿಗೆ ಪಪ್ಪಾಯಿಕಾಯಿ ಕುಟ್ಟುವಳು. ಕರೆದರೆ ಗಂಟಲ ಮೇಲೆ ಬೆರಳಿಟ್ಟು ತಲೆಯಾಡಿಸುವಳು. ಅವಳನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಳ್ಳುವುದೊಂದೇ ಪ್ರಯೂನನ ಆಸೆ. ಹೇಗೆ ಕೇಳುವುದೆಂದು ಮಾತ್ರ ಆ ಮಾತಿನಮಲ್ಲನಿಗೆ ತಿಳಿಯದು.

ಭತ್ತದ ಕೊಯ್ಲು ಮುಗಿದ ಮೇಲೆ, ಬೌದ್ಧ ವಿಹಾರದ ಬಯಲಿನಲ್ಲಿ ಒಂದು ವಿಜ್ಞಾನದ ಚಿತ್ರ. ಡಾಕ್ಟರೊಬ್ಬ ಯಂತ್ರದ ಹೆಣ್ಣನ್ನು ಮಾಡುವ ಕಥೆ. ಪ್ರಯೂನ್ ಒಬ್ಬನೇ ಎಲ್ಲರಿಗೂ ದನಿ ಕೊಟ್ಟ. ಯಂತ್ರದ ಹೆಣ್ಣು ಬಾಯಿ ಮುಚ್ಚಿದ ಮೇಲೂ ಮಾತಾಡಿದಳು. ಡಾಕ್ಟರನ ಕೆಮ್ಮು ಅವನ ನಾಯಿಗೆ ಬಂತು.

"ದೊಡ್ಡಪ್ಪಾ, ನಿಮ್ಮ ಹುಡುಗಿಗೆ ಮೀಸೆ ಬಂದಂಗಿದೆ ಕಣ್ರೀ!" ಎಂದು ನೂಡಲ್ ಮಾರುವ ತೊಂಗ್‌ಬೈ ಕೂಗಿದಳು.

"ಶೀತ ಆಗಿದೆ ಅವಳಿಗೆ, ಸುಮ್ನಿರೇ!" ಎಂದ ಪ್ರಯೂನ್, ಮೈಕಿನಲ್ಲೇ.

ಮೂರನೇ ರೀಲಿನಲ್ಲಿ ಡಾಕ್ಟರ್ ಯಂತ್ರದ ಹೆಣ್ಣಿನ ಕೊರಳಿನಿಂದ ದನಿಪೆಟ್ಟಿಗೆ ಕಿತ್ತ. ವ್ಯಾನಿನ ಹಿಂದೆ ಕುಟ್ಟುವ ಸದ್ದು ನಿಂತಿತು. ಮಾತು ಬರೆದ ಹಾಳೆಯನ್ನು ಮಧ್ಯಾಹ್ನವೇ ಓದಿಕೊಳ್ಳಬೇಕಿತ್ತು. ಪ್ರಯೂನ್ ನಿದ್ದೆ ಹೊಡೆದಿದ್ದ. ಈಗ ನೋಡಿದರೆ, 'ದನಿ ಹೋಯಿತು, ಇನ್ನು ಇವಳು ಬರೀ ತಗಡು' ಎಂದಿದೆ.

"ದನಿ ಹೋಯ್ತು..." ಎಂದ. ಮುಂದಿನ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿದ. "ಇನ್ನು... ಇನ್ನು ಇವಳು ಯಾರು?"

ಕೇಳಿದ್ದೇ ತಡ, ಬಯಲಿಗೆ ಬಯಲೇ ಚರ್ಚೆಗಿಳಿಯಿತು.

"ಹೊಸ ಪೆಟ್ಟಿಗೆ ಹಾಕಿದ್ರಾಯ್ತಪ್ಪ," ಎಂದ ಸೈಕಲ್ ರಿಪೇರಿಯವ.

"ನಾನು ಅನ್ನೋದು ದನೀನೂ ಅಲ್ಲ, ಮೈನೂ ಅಲ್ಲ," ಎಂದರು ಚಾಪೆಯ ಮೇಲಿದ್ದ ಹಿರಿಯ ಭಿಕ್ಷು.

ತೊಂಗ್‌ಬೈಗೆ ರೇಗಿತು. "ಯಾರು ಅಂತ ಏನ್ ಕೇಳ್ತೀರ? ನಿನ್ನೆ ಮಾಂಸ ಕಮ್ಮಿ ಹಾಕಿದ್ದಕ್ಕೆ ಸಾಯ್‌ಯುದ್ ದೊಡ್ಡಮ್ಮ ನಂಗೆ ಕಣ್ಣಲ್ಲೇ ಬೈದ್ರು. ಅದೇ ದೊಡ್ಡಮ್ಮ, ಅದೇ ಬೈಗುಳ!"

ಬಯಲೆಲ್ಲ ನಕ್ಕಿತು. ಪ್ರಯೂನನಿಗೆ ಹಿಂದಿರುಗಿ ನೋಡಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಡಾಕ್ಟರ್ ಮತ್ತೆ ಬಾಯಿ ತೆರೆದಿದ್ದ.

ಎಡ ಮಂಡಿಗೆ ಪಟ್ಟನೆ ಒಂದು ಏಟು ಬಿತ್ತು. ನಿಂಬೆಹುಳಿ, ಮೆಣಸಿನ ಘಾಟು ಅಂಟಿದ ಕೈ.

ಪ್ರಯೂನ್ ಗಡಬಡಿಸಿ ಹಾಳೆ ಬೀಳಿಸಿದ. "ತಪ್ಪಾಯ್ತು ಮಾರಾಯ್ತಿ," ಎಂದ ಡಾಕ್ಟರ್, ಯಂತ್ರದ ಹೆಣ್ಣಿಗೆ. "ನೀನಿಲ್ದೆ ಬಾಯಿ ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅಂತಾನೇ ನಂಗೆ ಗೊತ್ತಾಗಲ್ಲ. ಇಲ್ಲೇ ಕೂತಿರು. ಎದ್ದು ಹೋಗ್ಬೇಡ. ಇನ್ನೊಂದು ವಿಷಯ ಏನಪ್ಪಾ ಅಂದ್ರೆ..."

ಮಂಡಿಗೆ ಎರಡು ಏಟು ಬಿತ್ತು. ಡಾಕ್ಟರ್ ಬಾಯಿ ಮುಚ್ಚಿ ಆಗಲೇ ಬಹಳ ಹೊತ್ತಾಗಿತ್ತು.