ಕೋಲಿಗೊಂದು ಮುಷ್ಟಿ

ಮೆನ್ನೆಯ ಅಪ್ಪನನ್ನು, ಅಳತೆಗಾರ ತ್ಯಾರ್ಡ್‌ನನ್ನು, ಅವನದೇ ಅಳತೆಗೋಲಿನ ಕಬ್ಬಿಣದ ತುದಿಯಿಂದ ತಿವಿದು ಕೊಂದರು. ಜಗಳ ಅರ್ಧ ಕೋಲು ಒಡ್ಡಿನದು. ಕೊಂದವರು ಅಣ್ಣತಮ್ಮಂದಿರಿಬ್ಬರು. ಅವರ ಜಮೀನು ಪಾಲಾದ ಮೇಲೆ ಅದರ ಜೊತೆಗೆ ಬರುವ ಕಡಲ ಒಡ್ಡೂ ಪಾಲಾಗಬೇಕಿತ್ತು. ಯಾರು ಎಷ್ಟುದ್ದದ ಒಡ್ಡನ್ನು ದುರಸ್ತಿಯಲ್ಲಿಡಬೇಕೆಂದು ತ್ಯಾರ್ಡ್ ಅಳೆದು ಗೂಟ ನೆಟ್ಟ. ಒಬ್ಬೊಬ್ಬನಿಗೂ ತನ್ನ ಹೆಗಲಿಗೇ ಹೆಚ್ಚು ಬಿತ್ತು ಅನ್ನಿಸಿತು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಆ ಒಂದು ಮಧ್ಯಾಹ್ನದ ಮಟ್ಟಿಗೆ ಒಂದಾದರು.

ಮೆನ್ನೆಗೆ ಆಗ ಹತ್ತೊಂಬತ್ತು. ಹೆಣವನ್ನು ಗಾಡಿಯಲ್ಲಿ ಮನೆಗೆ ತಂದ, ಕೋಲನ್ನು ತೊಳೆದ, ಮಣ್ಣು ಮಾಡಿದ ಮಾರನೆಯ ದಿನ ಉಳಿದ ಅಳತೆ ಮುಗಿಸಿದ. ಮೂರನೆಯ ದಿನ ಆ ಇಬ್ಬರಲ್ಲಿ ಕಿರಿಯವನು ಹೆಂಡದಂಗಡಿಯ ಎದುರು ಸಿಕ್ಕಾಗ ಅದೇ ಕೋಲಿನಿಂದ ಅವನ ದವಡೆ ಒಡೆದ. ಹಿರಿಯವನು ಅಷ್ಟರಲ್ಲಿ ಹಡಗು ಹತ್ತಿದ್ದ. ಇದಾದ ಮೇಲೆ ಒಡ್ಡಿನ ಪಂಚರು ಮೆನ್ನೆಯನ್ನೇ ಅಳತೆಗಾರನನ್ನಾಗಿ ನೇಮಿಸಿದರು. ಅವನಿಗೆ ಕೋಲು ಹಿಡಿಯಲು ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಮ್ಮ ಊಸ್ಟರ್‌ಹೆಮ್ ಹಾಲೆಂಡಿನ ಬಡಗಣ ಅಂಚಿನಲ್ಲಿ, ಕಡಲಿಗಿಂತ ತಗ್ಗಿನಲ್ಲಿದೆ. ನೆರೆಯೂರಿನ ಗಡಿಕಲ್ಲಿನಿಂದ ನಮ್ಮ ತೂಬಿನವರೆಗೆ ನೂರ ಹತ್ತು ಕೋಲು ಒಡ್ಡು. ಆಗ ಅದು ಹದಿನಾಲ್ಕು ಒಕ್ಕಲುಗಳಿಗೆ ಹಂಚಿತ್ತು. ಪ್ರತಿಯೊಬ್ಬರ ಪಾಲಿನ ಕೊನೆಗೆ ಅವರ ಮನೆಗುರುತು ಕೆತ್ತಿದ ಓಕ್ ಗೂಟ. ಶರತ್ಕಾಲದಲ್ಲಿ ತನ್ನ ಪಾಲಿಗೆ ಜೇಡಿಮಣ್ಣು ಒತ್ತಿ, ಹುಲ್ಲಿನ ಹೊದಿಕೆ ಹೊಲಿಯದವನು ಊರಿನ ಶತ್ರು. ಕೈಲಾಗದಿದ್ದರೆ ತನ್ನ ಗುದ್ದಲಿಯನ್ನು ಒಡ್ಡಿಗೆ ನೆಟ್ಟು, ಉಟ್ಟ ಬಟ್ಟೆಯಲ್ಲಿ ಊರು ಬಿಡಬೇಕು. ಆ ಗುದ್ದಲಿ ಕಿತ್ತವನಿಗೆ ಜಮೀನೂ ಒಡ್ಡೂ ಸೇರುತ್ತವೆ.

ಕೋಲಿನ ಅಸಲು ಚರ್ಚಿನ ಗೋಡೆಗೆ ಜಡಿದ ಕಬ್ಬಿಣದ ಪಟ್ಟಿ, ಹದಿನಾಲ್ಕು ಅಡಿ. ಅಳೆಯುವಾಗ ಮುಂತುದಿಯನ್ನು ಬಲಮುಷ್ಟಿಯಲ್ಲಿ ಹಿಡಿದು, ಮುಷ್ಟಿಯನ್ನು ತುದಿಯ ಆಚೆಗೆ ನೆಲಕ್ಕೆ ಒತ್ತುತ್ತಿದ್ದರು. ಮುಂದಿನ ಕೋಲು ಶುರುವಾಗುತ್ತಿದ್ದದ್ದು ಮುಷ್ಟಿ ದಾಟಿದ ಮೇಲೆ. ಹೀಗೆ ಕೋಲಿಗೊಂದು ಮುಷ್ಟಿ ಒಡ್ಡು ಲೆಕ್ಕಕ್ಕೆ ಬಾರದೆ ಪಾಲಿಗೆ ಸೇರುತ್ತಿತ್ತು. ಯಾರೂ ಇದನ್ನು ಬರೆದಿಡಲಿಲ್ಲ, ಹೇಳಿಕೊಡಲೂ ಇಲ್ಲ. ಅಪ್ಪನ ಕೈ ನೋಡಿ ಮಗನ ಕೈ ಕಲಿಯುತ್ತಿತ್ತು.

ಸಾವಿರದ ಎಂಟುನೂರ ಇಪ್ಪತ್ತಮೂರರಲ್ಲಿ ಹೊಸ ಅಳತೆಯ ಆಜ್ಞೆ ನಮ್ಮೂರಿಗೆ ಮುಟ್ಟಿತು. ಫ್ರೆಂಚರು ತಂದಿದ್ದ ಮೀಟರನ್ನು, ಫ್ರೆಂಚರನ್ನು ಓಡಿಸಿದ ಮೇಲೂ ರಾಜ ಉಳಿಸಿಕೊಂಡಿದ್ದ. ಪಟ್ಟಣದ ಅಳತೆ ಕಚೇರಿಯಿಂದ ಹಿತ್ತಾಳೆಯ ಮೀಟರು ಪೆಟ್ಟಿಗೆಯಲ್ಲಿ ಬಂತು. ಹಳೆಯ ಅಳತೆಗಳನ್ನೆಲ್ಲ ಅದಕ್ಕೆ ತಿರುಗಿಸಿ ಪಟ್ಟಿ ಮಾಡುವ ಕೆಲಸ ಮೆನ್ನೆಯದು. ಬೇಸಿಗೆಯಿಡೀ ಕೂತು ಮಾಡಿದ. ನಮ್ಮ ಹದಿನಾಲ್ಕಡಿಯ ಕೋಲು, ನೆರೆಯೂರಿನ ಹನ್ನೆರಡಡಿಯದು, ಮೀನುಗಾರರು ಹಗ್ಗ ಅಳೆಯುವ ಮಾರು, ನೇಕಾರರ ಮೊಳ, ಬಡಗಿಯ ಹೆಬ್ಬೆರಳು, ಹೆಬ್ಬೆರಳನ್ನು ಮೂರು ಭಾಗ ಮಾಡುವ ಬಾರ್ಲಿಕಾಳು. ಕಬ್ಬಿಣದ ಪಟ್ಟಿಗೆ ಮೀಟರನ್ನು ಏಳು ಸಲ ಹಿಡಿದು ನೋಡಿದ.

“ಎಷ್ಟಾಯ್ತು?” ಅಂದಳು ಹೆಂಡತಿ ಹಿಲ್ಕೆ.

“ಕೋಲಿಗೆ ನಾಲ್ಕು ಮೀಟರು ಒಂಬತ್ತು ಸೆಂಟಿಮೀಟರು.”

“ಅಷ್ಟಕ್ಕೆ ಒಂದು ಬೇಸಿಗೆ ಹೋಯ್ತಾ? ಆಲೂಗಡ್ಡೆ ಅಗೆಯೋಕಾದ್ರೂ ಬಾರಯ್ಯ.”

ಕಚೇರಿ ಪಟ್ಟಿಗೆ ಮೊಹರು ಒತ್ತಿತು. ಮೆನ್ನೆ ಗಡಿಕಲ್ಲಿನಿಂದ ಶುರುಮಾಡಿ, ಮೀಟರು ಸರಪಳಿ ಹಿಡಿದು, ಹದಿನಾಲ್ಕು ಗೂಟಗಳನ್ನೂ ಹೊಸದಾಗಿ ನೆಟ್ಟ. ಕೊನೆಯ ಗೂಟ ಎಪ್ಪೊ ಹಾರ್ಕೆಸ್‌ನದು, ಊರಿನ ಅತಿ ದೊಡ್ಡ ಒಕ್ಕಲು. ಅದು ತೂಬಿಗೆ ಹನ್ನೊಂದು ಮೀಟರು ಮೊದಲೇ ಬಂದು ನಿಂತಿತು. ಹಳೆಯ ಗೂಟಗಳೇ ಸರಿಯಿರಲಿಲ್ಲ, ತೂಬಿನ ಕಡೆಯದು ತೂಬು ಕಾಯುವವರ ಪಾಲಿರಬೇಕು ಅಂದುಕೊಂಡ ಮೆನ್ನೆ. ತೂಬಿನವರು ಅದು ಎಪ್ಪೊನದು ಅಂದುಕೊಂಡರು. ಒಂದು ಚಳಿಗಾಲ ಆ ಹನ್ನೊಂದು ಮೀಟರಿಗೆ ಯಾರೂ ಒಂದು ಹಿಡಿ ಹುಲ್ಲು ಹಾಕಲಿಲ್ಲ. ಕುರಿಗಳು ಅಲ್ಲಿ ದಾರಿ ಮಾಡಿದವು, ಹೆಗ್ಗಣಗಳು ಮನೆ ಮಾಡಿದವು.

ಮರುವರ್ಷ ಶರತ್ಕಾಲದ ತಪಾಸಣೆಗೆ ಪಂಚರು ಒಡ್ಡಿನ ಮೇಲೆ ನಡೆದುಬಂದರು. ಒಡ್ಡಿನ ಯಜಮಾನ ಸಿಬೊನ ಊರುಗೋಲು ಆ ಜಾಗದಲ್ಲಿ ಅರ್ಧದವರೆಗೆ ಇಳಿಯಿತು.

“ಎಪ್ಪೊ, ಇದೇನಯ್ಯ ಇದು, ಒಡ್ಡೋ ಗಂಜಿಯೋ?”

“ನನ್ ಗೂಟ ಅಲ್ಲಿದೆ ಯಜಮಾನ್ರೇ. ಕಣ್ ಕಾಣುತ್ತಲ್ಲ? ನೆಟ್ಟೋನು ಇಲ್ಲೇ ನಿಂತಿದ್ದಾನೆ, ಕೇಳಿ.”

ಮೆನ್ನೆ ಮನೆಗೆ ಹೋಗಿ ಲೆಕ್ಕ ಮತ್ತೆ ಮಾಡಿದ. ತಪ್ಪಿರಲಿಲ್ಲ. ಮಾರನೆಯ ದಿನ ಹಿಲ್ಕೆಯನ್ನು ಕರೆದುಕೊಂಡು, ಅಪ್ಪನ ಹಳೆಯ ಕೋಲಿನಿಂದಲೇ ಗಡಿಕಲ್ಲಿನಿಂದ ಅಳೆದ. ನೂರ ಹತ್ತನೆಯ ಕೋಲಿಗೆ ಸರಿಯಾಗಿ ತೂಬಿನ ಕಲ್ಲು ಸಿಕ್ಕಿತು. ಕೂದಲೆಳೆಯ ವ್ಯತ್ಯಾಸವಿಲ್ಲ. ಅವನು ಬಗ್ಗಿದಲ್ಲೇ ಕೋಲನ್ನು ಬೈಯತೊಡಗಿದ.

“ಕೋಲನ್ನ ಯಾಕೆ ಬೈತೀಯ?” ಹಿಲ್ಕೆ ಹಿಂತುದಿ ಹಿಡಿದು ನಿಂತಿದ್ದಳು. “ನಿನ್ ಕೈ ನೋಡ್ಕೋ.”

ಅವನ ಬಲಮುಷ್ಟಿ ಇನ್ನೂ ಕೋಲಿನ ತುದಿಯಾಚೆ, ಕಲ್ಲಿಗೆ ಒತ್ತಿಕೊಂಡಿತ್ತು. ಹತ್ತು ಸೆಂಟಿಮೀಟರು ಅಗಲದ ಮುಷ್ಟಿ. ನೂರ ಹತ್ತು ಮುಷ್ಟಿ, ಹನ್ನೊಂದು ಮೀಟರು. ಚರ್ಚಿನ ಗೋಡೆಯ ಕಬ್ಬಿಣದ ಪಟ್ಟಿಯಲ್ಲಿ ಮುಷ್ಟಿ ಇರಲಿಲ್ಲ, ಹಾಗಾಗಿ ಕಾಗದಕ್ಕೂ ಬರಲಿಲ್ಲ.

ಆ ಭಾನುವಾರ ಹೆಂಡದಂಗಡಿಯಲ್ಲಿ ಪಂಚರ ಸಭೆ. ಹದಿನಾಲ್ಕು ಮನೆಯ ಗಂಡಸರೂ ಬಂದಿದ್ದರು. ಮೆನ್ನೆ ಕೂರದೆ ಹೇಳಿದ.

“ತಪ್ಪು ನಂದು. ಕೋಲಿಗೊಂದು ಮುಷ್ಟಿ ಬಿಟ್ಟುಹೋಗಿದೆ. ಎಲ್ಲರ ಗೂಟಾನೂ ಕಿತ್ತು ಮತ್ತೆ ನೆಡ್ಬೇಕು. ಚಳಿಗಾಲಕ್ಕೆ ಮುಂಚೆ.”

“ನನ್ ಪಾಲಿಗೆ ಎಷ್ಟು ಹೆಚ್ಚಾಗುತ್ತೆ?” ಅಂದ ಎಪ್ಪೊ.

“ನಿಮ್ಮದು ಹದಿನಾರು ಕೋಲು. ಒಂದು ಮೀಟರು ಅರವತ್ತು.”

“ಅದಕ್ಕೆ ಎಷ್ಟು ಗಾಡಿ ಜೇಡಿ ಬೇಕು ಗೊತ್ತೇನೋ? ನಿಂಗೆಲ್ಲಿ ಗೊತ್ತಾಗ್ಬೇಕು, ನಿಂಗೆ ಒಂದು ಗೇಣು ಜಮೀನಿಲ್ಲ.”

ಮೂಲೆಯಿಂದ ಯಾರೋ ನಕ್ಕರು. “ರಾಜ ನಮ್ ಹೊರೆ ಇಳಿಸಿದ್ದಾನೆ. ಈ ಪುಣ್ಯಾತ್ಮ ಮತ್ತೆ ತಲೆ ಮೇಲೆ ಇಡ್ತಾನಂತೆ.”

ಸಿಬೊ ಸಮಾಧಾನದ ದನಿಯಲ್ಲಿ ಹೇಳಿದ: “ಮೊಹರು ಬಿದ್ದ ಪಟ್ಟಿ ಅಪ್ಪಾ ಅದು. ಈಗ ಮುಷ್ಟಿಗಿಷ್ಟಿ ಅಂತ ಬರೆದ್ರೆ ಪಟ್ಟಣದವ್ರು ಬಿದ್ದು ಬಿದ್ದು ನಗ್ತಾರೆ.”

“ನಗಲಿ ಯಜಮಾನ್ರೇ. ನೀವು ಬರೆಯದಿದ್ರೆ ನಾನೇ ಬರೀತೀನಿ.”

ಎಪ್ಪೊ ಎದ್ದು ಬಂದ. ಗೋಡೆಗೆ ಒರಗಿಸಿದ್ದ ಗುದ್ದಲಿ ಅವನ ಕೈಯಲ್ಲಿತ್ತು.

“ಯಾವ ಮುಷ್ಟಿನೋ ಅದು? ತೋರ್ಸು ನೋಡೋಣ.”

ಮೆನ್ನೆ ಅಳತೆಗಾರ. ಅಳತೆ ತೋರಿಸು ಅಂದರೆ ತೋರಿಸುವವನು. ಬಲಮುಷ್ಟಿಯನ್ನು ಮೇಜಿನ ಮೇಲೆ ಇಟ್ಟ. ಎಪ್ಪೊ ಗುದ್ದಲಿಯ ಬೆನ್ನಿನಿಂದ ಅದರ ಮೇಲೆ ಎರಡು ಏಟು ಹಾಕಿದ. ಎರಡನೆಯದಕ್ಕೆ ಮೇಜೂ ಸೀಳಿತು.

“ಈಗ ಅಳೆಯೋ, ಬೋಳಿಮಗನೇ.”

ಮೆನ್ನೆ ಎಡಗೈಯಲ್ಲಿ ಬಟ್ಟಲು ಎತ್ತಿ ಎಪ್ಪೊನ ಮುಖಕ್ಕೆ ಒಡೆದ. ಅಷ್ಟರಲ್ಲಿ ಉಳಿದವರು ಅವನನ್ನು ನೆಲಕ್ಕೆ ಹಾಕಿ ತುಳಿದರು. ತುಳಿದವರಲ್ಲಿ ಹೆಚ್ಚಿನವರಿಗೆ ಇದರಿಂದ ಹೊರೆ ತಪ್ಪುತ್ತಿದ್ದದ್ದು ಒಂದು ಮೀಟರಿಗೂ ಕಡಿಮೆ ಒಡ್ಡು. ಸಿಬೊ ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದ.

ಕುದುರೆ ವೈದ್ಯ ಕೈಗೆ ಪಟ್ಟಿ ಕಟ್ಟಿದ. ಎಲುಬು ಅಡ್ಡಾದಿಡ್ಡಿ ಕೂಡಿಕೊಂಡಿತು, ಬೆರಳುಗಳು ಮುಚ್ಚಲಿಲ್ಲ. ಮೆನ್ನೆ ಎಡಗೈಯಲ್ಲಿ, ನಾಲ್ಕು ದಿನ ಕಷ್ಟಪಟ್ಟು, ಕಚೇರಿಗೆ ಕಾಗದ ಬರೆದ. ಉತ್ತರ ಬರಲಿಲ್ಲ. ಆಮೇಲೆ ಅವನೂ ಹಿಲ್ಕೆಯೂ ಒಂದು ಎರವಲು ಕೈಗಾಡಿ ಹಿಡಿದು, ಯಾರದೂ ಅಲ್ಲದ ಆ ಒಡ್ಡಿಗೆ ತಾವೇ ಮಣ್ಣು ಹೊತ್ತರು. ದಾರಿಯಲ್ಲಿ ಎಪ್ಪೊನ ಆಳುಗಳು ಎರಡು ಸಲ ಗಾಡಿ ಮಗುಚಿದರು; ಎರಡನೆಯ ಸಲ ಹಿಲ್ಕೆ ಒಬ್ಬನ ಕೈ ಕಚ್ಚಿ ಮಾಂಸ ತೆಗೆದಳು, ಮೂರನೆಯ ಸಲ ಯಾರೂ ಬರಲಿಲ್ಲ. ಮೂರು ಕೈಗಳಿಂದ ಫೆಬ್ರವರಿಯ ಹೊತ್ತಿಗೆ ತೂಬಿನ ಕಡೆಯಿಂದ ನಾಲ್ಕು ಮೀಟರು ಗಟ್ಟಿಯಾಯಿತು. ಏಳು ಮೀಟರು ಉಳಿಯಿತು.

ಇಪ್ಪತ್ತೈದರ ಫೆಬ್ರವರಿ ನಾಲ್ಕು. ವಾಯವ್ಯದ ಗಾಳಿ ಎರಡು ದಿನ ಬೀಸಿ ನೀರನ್ನು ಒಡ್ಡಿನ ತಲೆಯವರೆಗೆ ತಂದಿತ್ತು. ನಸುಕಿನ ನಾಲ್ಕಕ್ಕೆ ಆ ಏಳು ಮೀಟರು ಒಮ್ಮೆಗೇ ಒಳಕ್ಕೆ ಜಾರಿತು. ನೀರು ಮೊದಲು ಸಿಕ್ಕಿದ ಎಪ್ಪೊನ ಮನೆಯ ಗೋಡೆಯನ್ನು ಕೆಡವಿ, ಕೊಟ್ಟಿಗೆಯಲ್ಲಿ ಕಟ್ಟಿದ ಕುದುರೆಗಳನ್ನು ಕಟ್ಟಿದಂತೆಯೇ ಮುಳುಗಿಸಿತು. ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಹಾಸಿಗೆಯಿಂದ ಏಳಲಿಲ್ಲ. ಊರಲ್ಲಿ ಒಟ್ಟು ಹತ್ತೊಂಬತ್ತು ಜನ ಸತ್ತರು. ಎಪ್ಪೊ ಹುಲ್ಲು ಬಣವೆಯ ಮೇಲೆ ಕೂತು ಬದುಕಿದ.

ಇಳಿತ ಬಂದಾಗ ಬದುಕಿದ್ದವರು ಒಡ್ಡಿನ ಮೇಲೆ ಸೇರಿದರು. ಒಡಕು ಅಷ್ಟರಲ್ಲಿ ಆರು ಕೋಲು ಅಗಲವಾಗಿತ್ತು. ಒಡ್ಡು ಒಡೆಯಲು ಕಾರಣನಾದವನನ್ನು ಒಡಕಿನಲ್ಲೇ ಜೀವಂತ ಹೂಳಬೇಕೆಂಬ ಹಳೆಯ ಮಾತೊಂದು ನಮ್ಮ ಕಡೆ ಇದೆ. ಹೂತದ್ದನ್ನು ಕಂಡವರು ಯಾರೂ ಇರಲಿಲ್ಲ. ಆ ಬೆಳಿಗ್ಗೆ ಎಲ್ಲರಿಗೂ ಆ ಮಾತು ನೆನಪಾಯಿತು.

“ಗೂಟ ನೆಟ್ಟೋನು ಎಲ್ಲಿ?” ಎಪ್ಪೊ ಒಂದೇ ಸಮನೆ ಕೇಳುತ್ತಿದ್ದ. “ಗೂಟ ನೆಟ್ಟೋನು ಎಲ್ಲಿ?”

ಮೆನ್ನೆಯನ್ನು ಅವನ ಮನೆಯ ಅಟ್ಟದಿಂದ ಕಾಲು ಹಿಡಿದು ಎಳೆದು ತಂದರು. ತರುವಾಗಲೇ ಎರಡು ಪಕ್ಕೆಲುಬು ಮುರಿದಿತ್ತು. ಒಡಕಿನ ಬಾಯಲ್ಲಿ, ಕೆಸರಿನ ಗುಂಡಿಯಲ್ಲಿ ನಿಲ್ಲಿಸಿ ಎಪ್ಪೊ ಮಣ್ಣೆಳೆಯತೊಡಗಿದ. ಮೆನ್ನೆ ಬೇಡಿಕೊಳ್ಳಲಿಲ್ಲ, ಬೈದ. ಮಣ್ಣು ಎದೆಯವರೆಗೆ ಬಂದಾಗ ಬೈಯಲು ಉಸಿರು ಸಾಲಲಿಲ್ಲ.

ಹಿಲ್ಕೆ ಹಳೆಯ ಕೋಲನ್ನು ಹೆಗಲ ಮೇಲೆ ಇಟ್ಟುಕೊಂಡು ಬಂದಳು. ಯಾರೂ ತಡೆಯಲಿಲ್ಲ, ಹೆಂಗಸು ಅಳಲು ಬಂದಿದ್ದಾಳೆ ಅಂದುಕೊಂಡರು. ಅವಳು ಕೋಲನ್ನು ಇಳಿಸಿ, ಎರಡು ಕೈಯಲ್ಲಿ ಹಿಡಿದು, ಹತ್ತು ಹೆಜ್ಜೆ ಓಡಿ ಕಬ್ಬಿಣದ ತುದಿಯನ್ನು ಎಪ್ಪೊನ ಮುಖಕ್ಕೆ ಇಕ್ಕಿದಳು. ಅವನ ಎಡಗಣ್ಣು ಹೋಯಿತು. ಅವನು ಮಂಡಿಯೂರಿ ಕೂತ.

“ಇವನನ್ನ ಹೂತ್ರೆ ಒಂದೂವರೆ ಅಡಿ ಮುಚ್ಚುತ್ತೆ,” ಅಂದಳು ಹಿಲ್ಕೆ. “ಉಳಿದದ್ದಕ್ಕೆ ಯಾರ್ಯಾರನ್ನ ಹೂಳ್ತೀರಿ? ಉಬ್ಬರಕ್ಕೆ ಐದು ಗಂಟೆ ಇದೆ. ಪಾಲು ಹಾಕ್ದೆ ನಿಮ್ಮಲ್ಲಿ ಒಬ್ಬನೂ ಗುದ್ದಲಿ ಎತ್ತಲ್ಲ, ನಂಗೊತ್ತು. ಸಿಬೊ ಯಜಮಾನ್ರೇ, ಹಿಂತುದಿ ಹಿಡೀರಿ.”

ಸಿಬೊ ಹಿಡಿದ. ಬೇರೆಯವರು ನೋಡುತ್ತ ನಿಂತರು. ಹಿಲ್ಕೆ ಒಡಕಿನ ಅಂಚಿನಿಂದ ಕೋಲು ಹಾಸಿ, ತುದಿಯಾಚೆ ತನ್ನ ಮುಷ್ಟಿ ಒತ್ತಿ, ಮುಷ್ಟಿ ದಾಟಿಸಿ ಮುಂದಿನದನ್ನು ಇಟ್ಟಳು. ಮುಷ್ಟಿ ಯಾಕೆ ಎಂದು ಯಾರೂ ಕೇಳಲಿಲ್ಲ. ಮೂರನೆಯ ಕೋಲು ಮೆನ್ನೆಯ ತಲೆಗೆ ತಾಗಿತು.

“ಅಡ್ಡ ಇದ್ದಾನೆ, ತೆಗೀರಿ,” ಅಂದ ಸಿಬೊ. ಆಗ ಇಬ್ಬರು ಇಳಿದು ಮೆನ್ನೆಯನ್ನು ಅಗೆದು ತೆಗೆದರು.

ಒಡಕು ಮುಚ್ಚಲು ಒಂಬತ್ತು ದಿನ ಹಿಡಿಯಿತು. ಇನ್ನಿಬ್ಬರು ಅದರಲ್ಲೇ ಹೋದರು. ಮಾರ್ಚಿನಲ್ಲಿ ಕಚೇರಿಯ ಉತ್ತರ ಬಂತು: ಪಟ್ಟಿಯನ್ನು ಮರುಪರಿಶೀಲಿಸಲಾಗಿದೆ, ಕೋಲಿಗೆ ನಾಲ್ಕು ಮೀಟರು ಒಂಬತ್ತು ಸರಿಯಿದೆ. ಸಿಬೊ ಅದನ್ನು ಒಡ್ಡಿನ ಪುಸ್ತಕಕ್ಕೆ ಅಂಟಿಸಿದ. ಅದು ಈಗಲೂ ಅಲ್ಲಿದೆ, ಅದರ ಕೆಳಗೆ ಸಿಬೊನ ಕೈಬರಹದಲ್ಲಿ ‘ಕೋಲಿಗೊಂದು ಮುಷ್ಟಿ’ ಎಂದಿದೆ.

ಏಪ್ರಿಲಿನಲ್ಲಿ ಹದಿನಾಲ್ಕು ಗೂಟಗಳನ್ನೂ ಕಿತ್ತು ಮತ್ತೆ ಅಳೆದರು. ಮೆನ್ನೆಯ ಬಲಗೈ ಮುಷ್ಟಿ ಕಟ್ಟಲಾರದು, ಎಡಗೈಯಲ್ಲಿ ಅಳೆಯುವ ಪದ್ಧತಿಯಿಲ್ಲ. ಹಿಲ್ಕೆ ಮುಂತುದಿ ಹಿಡಿದಳು, ಮೆನ್ನೆ ಹಿಂದೆ. ಅವಳ ಮುಷ್ಟಿ ಎಂಟು ಸೆಂಟಿಮೀಟರು. ಮೊದಲ ಕೋಲಿಗೇ ಮೆನ್ನೆಗೆ ಅದು ಗೊತ್ತಾಯಿತು, ಕೊನೆಗೆ ಎಷ್ಟು ಉಳಿಯುತ್ತದೆ ಎಂಬುದೂ. ಮತ್ತೊಂದು ಸಲ ಈ ಹದಿನಾಲ್ಕು ಮನೆಯವರ ಎದುರು ಎರಡು ಸೆಂಟಿಮೀಟರಿನ ಮಾತೆತ್ತಲು ಅವನು ಬಾಯಿ ತೆರೆಯಲಿಲ್ಲ.

ನೂರ ಹತ್ತನೆಯ ಕೋಲು ಮುಗಿದಾಗ ತೂಬಿಗೆ ಎರಡು ಮೀಟರು ಇಪ್ಪತ್ತು ಬಾಕಿ ಇತ್ತು. ಎಲ್ಲರೂ ಅದನ್ನು ನೋಡಿದರು. ಎಪ್ಪೊ ಒಂದೇ ಕಣ್ಣಿನಿಂದ ನೋಡಿದ.

“ಇದು ಯಾರ್ದು?” ಅಂದ ಸಿಬೊ.

ಅಳತೆಯ ನಡುವೆಯೇ ಮೆನ್ನೆ ತರಿಸಿಟ್ಟುಕೊಂಡಿದ್ದ ಹದಿನೈದನೆಯ ಗೂಟವನ್ನು ಹಿಲ್ಕೆ ನೇರ ಹಿಡಿದಳು; ಅವನು ಎಡಗೈಯಲ್ಲಿ ಸುತ್ತಿಗೆ ಬೀಸಿದ. ಅದರ ಮೇಲೆ ಒಂದು ಮುಷ್ಟಿಯ ಗುರುತಿತ್ತು. ಜಮೀನಿಲ್ಲದವನು ಒಡ್ಡು ಹೊತ್ತದ್ದು ನಮ್ಮ ಕಡಲಂಚಿನಲ್ಲಿ ಅದೊಂದೇ ಸಲ.

ಮೆನ್ನೆ ಇನ್ನೂ ಹತ್ತೊಂಬತ್ತು ವರ್ಷ ಬದುಕಿದ. ಎಪ್ಪೊ ಊರು ಬಿಡಲಿಲ್ಲ. ಸಿಬೊ ಸತ್ತ ಮೇಲೆ ಅವನೇ ಒಡ್ಡಿನ ಯಜಮಾನನಾದ. ಪ್ರತಿ ಶರತ್ಕಾಲದ ತಪಾಸಣೆಯಲ್ಲೂ ಬೇರೆಯವರ ಪಾಲನ್ನು ಊರುಗೋಲಿನಿಂದ ಕುಟ್ಟಿ ಮುಂದೆ ಹೋಗುತ್ತಿದ್ದವನು, ಕೊನೆಯ ಎರಡು ಮೀಟರು ಇಪ್ಪತ್ತಕ್ಕೆ ಬಂದಾಗ ಆಳಿನ ಕೈಯಿಂದ ಗುದ್ದಲಿ ಇಸಿದುಕೊಂಡು, ಮೈಯ ಭಾರವನ್ನೆಲ್ಲ ಹಾಕಿ ಹತ್ತಿಪ್ಪತ್ತು ಕಡೆ ತಿವಿಯುತ್ತಿದ್ದ, ಎಲ್ಲಾದರೂ ಮೆತ್ತಗಿದೆಯೇ ಎಂದು. ಮೆನ್ನೆ ಗೂಟದ ಪಕ್ಕ ನಿಂತು ನೋಡುತ್ತಿದ್ದ. ಮೆನ್ನೆ ಬದುಕಿದ್ದಷ್ಟು ವರ್ಷವೂ ಆ ಗುದ್ದಲಿ ಒಂದು ಹೆಬ್ಬೆರಳಿನ ಅಗಲಕ್ಕಿಂತ ಆಳ ಇಳಿಯಲಿಲ್ಲ.