ಹಂದಿ ಶೆಡ್ಡಿಗೆ ಒರಗಿಸಿದ ಚಂದ್ರಿಕೆ

ನಮ್ಮ ಸಾತನೂರಿನ ಕಡೆ ಗಂಡಸರು ಹಂದಿ ಸಾರಿಗೆ ಪ್ರಾಣ ಬಿಡ್ತಾರೆ. ತೋಟದಲ್ಲಿ ಮೂರು ಕಲ್ಲು ಹೂಡಿ, ತಾವೇ ಖಾರ ಅರೆದು, ಮುದ್ದೆ ಜೊತೆ ಉಂಡು, ಬಾಯಿ ತೊಳೆದುಕೊಂಡು ಮನೆಗೆ ಬರ್ತಾರೆ. ಅದರಲ್ಲಿ ಯಾರಿಗೂ ತಪ್ಪು ಕಾಣೋದಿಲ್ಲ. ಅದೇ ಹಂದೀನ ಒಕ್ಕಲು ಮನೆಯ ಹೆಂಗಸೊಬ್ಬಳು ಸಾಕಿಬಿಟ್ಟರೆ ಮಾತ್ರ ಆಕಾಶ ಕಳಚಿ ಬೀಳುತ್ತೆ. ನಾನು ಸಾಕಿದೆ. ಬಿದ್ದರೆ ಬೀಳಲಿ ಅಂತಲೇ ಸಾಕಿದೆ.

ಮನೆಯಲ್ಲಿ ಹಸು ಅತ್ತೆಯದು, ರಾಗಿ ಹೊಲ ಗಂಡನದು. ಮದುವೆಯಾಗಿ ಬಂದ ಮೇಲೆ ಎಲ್ಲರ ಕೆಲಸಕ್ಕೂ ಕೈ ಹಾಕಿದೆನೇ ಹೊರತು ನನ್ನದು ಅನ್ನೋ ಕೆಲಸ ಒಂದೂ ಇರಲಿಲ್ಲ. ಹಂದಿ ನನ್ನದು. ತರಬೇತಿಗೆ ಹೋದವಳು ನಾನು, ಶೆಡ್ಡಿಗೆ ಜಾಗ ತೋರಿಸಿದವಳು ನಾನು, ಎರಡು ಬಿಳಿ ಹೆಣ್ಣು ಹಂದಿಗಳನ್ನ ಲಗೇಜ್ ಆಟೋದಲ್ಲಿ ಹಾಕಿಕೊಂಡು ಊರ ನಡುವೆಯೇ ಬಂದವಳೂ ನಾನೇ. ನನ್ನ ಗಂಡ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ನೀನುಂಟು, ನಿನ್ ಹಂದಿ ಉಂಟು" ಅಂದರು.

ಹಂದಿ ಜೊತೆ ಏಗೋದು ಹಸು ಜೊತೆ ಏಗಿದ ಹಾಗಲ್ಲ. ಹಗ್ಗ ಕಟ್ಟಿ ಎಳೆದರೆ ಊರಿಗೇ ಕೇಳೋ ಹಾಗೆ ಕಿರುಚುತ್ತೆ, ಒಂದು ಹೆಜ್ಜೆ ಇಡೋದಿಲ್ಲ. ಹೊಡೆದರೆ ಕಾಲ ಸಂದಿಯಲ್ಲೇ ನುಗ್ಗಿ ಕೆಡವುತ್ತೆ. ಮೊದಮೊದಲು ನಾನೂ ಬಿದ್ದೆ. ಸೀರೆಯೆಲ್ಲ ಉಚ್ಚೆಯಲ್ಲಿ ನೆನೆದು, ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಗೊತ್ತಾಯಿತು, ಅಗಲವಾದ ಒಂದು ಹಲಗೆ ಸಾಕು ಅಂತ. ಮುಂದೆ ಹಿಡಿದರೆ ಅದು ಗೋಡೆ ಅಂದುಕೊಂಡು ಹಂದಿ ತಾನಾಗಿ ತಿರುಗುತ್ತೆ.

ನನ್ನ ಶೆಡ್ಡಿಗೂ ಬಾವನ ಹುಳದ ಮನೆಗೂ ನಡುವೆ ಒಂದು ಬದು, ಎರಡು ತೆಂಗಿನ ಮರ. ಬಾವ ಅಂದರೆ ನನ್ನ ಗಂಡನ ಅಣ್ಣ, ರೇಷ್ಮೆ ಮಾಡ್ತಾರೆ. ಆ ಮಳೆಗಾಲದಲ್ಲಿ ಅವರ ಹುಳಕ್ಕೆ ಹಾಲು ರೋಗ ಬಂದು ಬೆಳೆಯೇ ಹೋಯಿತು. ಮಳೆಗೆ ನೆಂದ ಸೊಪ್ಪು ತಿನ್ನಿಸಿದ್ದಕ್ಕೇ ಹಾಗಾಗಿದ್ದು, ಹಾಕಿದ್ದನ್ನ ನಾನೇ ಕಣ್ಣಾರೆ ಕಂಡಿದ್ದೆ. ಆದರೂ ಮುಂದಿನ ಬೆಳೆಯ ಹುಳ ದೊಡ್ಡದಾಗ್ತಿದ್ದ ಹೊತ್ತಿಗೆ, ಊರಿನ ನಾಲ್ಕು ಜನರನ್ನ ಕರೆತಂದು ನಮ್ಮ ಜಗಲಿ ಮೇಲೆ ಕೂರಿಸಿದರು. ನಾನು ಎದುರಿಗೇ ನಿಂತಿದ್ದೆ, ಮಾತಾಡಿದ್ದು ಮಾತ್ರ ನನ್ನ ಗಂಡನ ಜೊತೆ.

"ಹಂದಿ ವಾಸ್ನೆಗೇ ನನ್ ಹುಳ ಹೋಗಿದ್ದು ಕಣ್ಲಾ. ಈ ಸಲ ಹುಳ ಹಣ್ಣಾಗೋ ಹೊತ್ಗೆ ಹಂದಿ ಇಲ್ಲಿರಬಾರ್ದು. ವಾಸ್ನೆ ಹೊಡುದ್ರೆ ಹುಳ ಗೂಡು ಕಟ್ಟಾಕಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ದೊಡ್ಡ ಹಂದಿ ತುಂಬು ಗಬ್ಬ. ಇನ್ನು ಹದಿನೈದು ದಿನಕ್ಕೆ ಮರಿ ಹಾಕೋದಿತ್ತು. ಅದನ್ನ ಈಗ ಗಾಡಿಗೆ ಹತ್ತಿಸಿದರೆ ಮರಿ ಉಳಿಯೋ ನಂಬಿಕೆಯಿಲ್ಲ. ಒಂದು ಸಲ ಮಾರಿದರೆ ಮತ್ತೆ ಹಂದಿ ತರೋಕೆ ಈ ಜನ ಬಿಡ್ತಾರಾ? ಗಂಡನ ಉತ್ತರಕ್ಕೆ ಕಾಯಲಿಲ್ಲ. ನಾನೇ ಬಾಯಿ ಬಿಟ್ಟೆ.

"ಬಾವ, ಹಣ್ಣಾದ ಹುಳ ಒಂದು ಚಂದ್ರಿಕೆ ಕೊಡಿ. ನನ್ ಶೆಡ್ ಗೋಡೆಗೇ ಒರಗುಸ್ತೀನಿ. ಗೂಡು ಕಟ್ನಿಲ್ಲ ಅಂದ್ರೆ ಅವತ್ತೇ ಹಂದಿ ಮಾರ್ಬುಡ್ತೀನಿ. ಕಟ್ಟುದ್ರೆ ಆಮೇಲೆ ಯಾರೂ ಈ ಮಾತು ಎತ್ತಂಗಿಲ್ಲ."

ಜಗಲಿಯೆಲ್ಲ ನಕ್ಕಿತು. "ಆಯ್ತು, ಅದೂ ಒಂದು ನೋಡ್ಬುಡಾನ" ಅಂದರು ಬಾವ, ಆಗಲೇ ಗೆದ್ದವರ ಹಾಗೆ.

ಹುಳ ಹಣ್ಣಾಗಿ ಸೊಪ್ಪು ತಿನ್ನೋದು ಬಿಟ್ಟ ದಿನ ಚಂದ್ರಿಕೆ ಬಂತು. ಆಳುದ್ದದ ಬಿದಿರು ತಟ್ಟಿ ಅದು, ಸುರುಳಿ ಸುರುಳಿಯಾಗಿ ಹೆಣೆದ ಸಂದಿಯಲ್ಲೆಲ್ಲ ಗೂಡು ಕಟ್ಟೋಕೆ ಅಂತ ಹುಳ ಬಿಟ್ಟಿದ್ದರು. ಶೆಡ್ಡಿನ ಮೋಟುಗೋಡೆಗೆ ಒರಗಿಸಿ, ಬಿಸಿಲು ಬೀಳದ ಹಾಗೆ ಹಳೇ ಸೀರೆ ಇಳಿಬಿಟ್ಟೆ. ಇರುವೆ, ಹಲ್ಲಿ, ಕಾಗೆ ಎಲ್ಲದಕ್ಕೂ ನಾನೇ ಕಾವಲು. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾದೀತು. ಮೊದಲ ದಿನ ಸಂಜೆಯವರೆಗೂ ಹುಳ ಸುಮ್ಮನೆ ತಲೆ ಆಡಿಸ್ತಾ ಇದ್ದವು. "ಕಟ್ದೆ ಇದ್ರೆ ಏನ್ ಮಾಡ್ತೀಯಾ?" ಅಂದರು ನನ್ನ ಗಂಡ. "ಅಪಶಕುನ ನುಡೀಬೇಡಿ, ಒಳೀಕೋಗಿ" ಅಂತ ಗದರಿದೆ.

ಎರಡನೇ ದಿನ ಮಧ್ಯಾಹ್ನ ಬೂಸಾ ಕಲಸ್ತಾ ಇದ್ದೆ. ತಿರುಗಿ ನೋಡ್ತೀನಿ, ಸಣ್ಣ ಹಂದಿ ಮುಂಗಾಲು ಎರಡನ್ನೂ ಗೋಡೆ ಮೇಲೆ ಊರಿ ಚಂದ್ರಿಕೆಗೇ ಮೂತಿ ಚಾಚಿದೆ! ಹಂದಿಗೆ ರೇಷ್ಮೆ ಹುಳ ಅಂದರೆ ಮೈಸೂರು ಪಾಕು. ಒಂದು ತಳ್ಳು ತಳ್ಳಿದ್ದರೂ ನನ್ನ ಕತೆ ಮುಗಿದಿತ್ತು. ಎಳೆಯೋಕೆ ಹೋದರೆ ಇನ್ನೂ ಮುಂದಕ್ಕೆ ನುಗ್ಗುತ್ತೆ ಅಂತ ಗೊತ್ತಿತ್ತು. ಹಲಗೆ ಎತ್ತಿಕೊಂಡು ಓಡಿ, ಅದರ ಮೂತಿಗೂ ಚಂದ್ರಿಕೆಗೂ ನಡುವೆ ತೂರಿಸಿ, ಭುಜ ಕೊಟ್ಟು ನಿಂತೆ. "ಇಳಿಯೇ ಮುಂಡೆ, ನಿನಗೋಸ್ಕರಾನೇ ಸಾಯ್ತಾ ಇರೋದು ನಾನು!" ಗೊರ್ ಅಂತು, ಇನ್ನೊಂದು ಸಲ ಒತ್ತಿ ನೋಡಿತು, ಆಮೇಲೆ ಕಾಲಿಳಿಸಿ ತಿರುಗಿಕೊಂಡು ಹೋಯಿತು. ಕೆಳಗೆ ಬಿದ್ದ ಎರಡು ಹುಳ ಮಾತ್ರ ಅದರ ಪಾಲಾದವು.

ಮೂರನೇ ದಿನ ಬೆಳಿಗ್ಗೆ ಸೀರೆ ಸರಿಸಿದರೆ ಚಂದ್ರಿಕೆ ತುಂಬ ಗೂಡು. ಒಬ್ಬಳೇ ನಿಂತು ನಕ್ಕೆ. ಆದರೂ ಯಾರಿಗೂ ಹೇಳಲಿಲ್ಲ, ಗೂಡು ಬಿಡಿಸೋ ದಿನದವರೆಗೂ ಕಾದೆ.

ಐದನೇ ದಿನ ಬಾವ ಆ ನಾಲ್ಕು ಜನರನ್ನೇ ಕರೆದುಕೊಂಡು ಬಂದರು. ಒಂದು ಗೂಡು ಕಿತ್ತು, ಹೆಬ್ಬೆರಳಿನಲ್ಲಿ ಒತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ನೋಡಿದರು.

"ಗಟ್ಟಿಯಾಗೇ ಐತೆ" ಅಂದರು, ಮನಸ್ಸಿಲ್ಲದ ಮನಸ್ಸಿನಿಂದ. ಒಳ್ಳೇ ಗೂಡು ಬಿಡೋಕಾಗ್ತದಾ? ಚಂದ್ರಿಕೆ ತಲೆ ಮೇಲೆ ಹೊತ್ತು ಹೊರಟರು. ಬದು ದಾಟೋವಾಗ ನಿಂತು ನನ್ನ ಗಂಡನಿಗೆ ಹೇಳಿದರು: "ಹಂದಿ ಇಟ್ಕಳ್ಳಿ. ಆದ್ರೆ ಹಂದಿ ಮುಟ್ಟಿದ ಕೈಲಿ ನಿನ್ ಹೆಂಡ್ರು ನಮ್ಮನೆ ಹೊಸಲು ತುಳಿಯಂಗಿಲ್ಲ."

ಅಷ್ಟು ದಿನ ಹುಳದ ಮೇಲೆ ಹಾಕಿ ಆಡ್ತಿದ್ದ ಮಾತಿನ ನಿಜ ಆಗ ಆಚೆ ಬಂತು.

"ಹಂದಿ ಮಗ್ಗುಲಾಗೆ ಐದ್ ದಿನ ಇದ್ದ ಗೂಡು ನಿಮ್ಮನೆ ಒಳೀಕೆ ಹೋಯ್ತದೆ, ನಾನ್ ಹೋಗಂಗಿಲ್ಲ, ಅಲ್ವಾ ಬಾವ? ಅಂಗಾದ್ರೆ ಅದನ್ನ ಇಲ್ಲೇ ಬುಟ್ಟೋಗಿ."

ತಲೆ ಮೇಲೆ ಚಂದ್ರಿಕೆ ಹೊತ್ತುಕೊಂಡೇ ನಿಂತರು. ನಾಲ್ಕು ಜನ ಅವರ ಮುಖವನ್ನೇ ನೋಡ್ತಿದ್ದರು. ಕೆಳಗಿಳಿಸಲಿಲ್ಲ. ಸರಸರ ನಡೆದು ತಮ್ಮ ಮನೆ ಹೊಸಲು ದಾಟಿ, ಪಡಸಾಲೆಯ ಗೋಡೆಗೆ ಒರಗಿಸಿದರು.

ಅವರ ಹಿಂದೆಯೇ ನಾನೂ ಹೋದೆ, ಹಂದಿಗೆ ಕಲಸ್ತಿದ್ದ ಬೂಸಾ ಮೆತ್ತಿದ ಕೈಯಲ್ಲೇ. ಹೊಸಲು ದಾಟಿ ಚಂದ್ರಿಕೆಯ ಪಕ್ಕದಲ್ಲಿ ನಿಂತು, "ಅಕ್ಕಾ, ಒಸಿ ನೀರ್ ಕೊಡಿ" ಅಂದೆ. ಬಾವನ ಹೆಂಡತಿ ಗಂಡನ ಮುಖ ನೋಡಿದರು, ಗೂಡು ನೋಡಿದರು, ಒಂದು ಚೊಂಬು ನೀರು ತಂದು ನನ್ನ ಕೈಗೇ ಕೊಟ್ಟರು. ಖಾಲಿಯಾಗೋವರೆಗೂ ನಿಂತು ಕುಡಿದೆ.